ಹೆಬ್ಬೆಟ್ಟು ಕೊಡದವರು

ರಿಲೀವಿಂಗ್ ಲೆಟರ್ ಅನ್ನೋ ಒಂದೇ ಒಂದು ಹಾಳೆಗೆ ಎಷ್ಟು ತೂಕ ಇದೆ ಅನ್ನೋದು ಕೆಲಸ ಬಿಡೋಕೆ ಹೊರಟವರಿಗೆ ಗೊತ್ತು. ಮ್ಯಾನೇಜರ್ ಹತ್ತು ಜನರ ಎದುರು ಬೈತಾನೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡ್ತಾನೆ, ರಜೆ ಕೇಳಿದರೆ ಮುಖ ಗಂಟು ಹಾಕ್ಕೋತಾನೆ, ರೇಟಿಂಗ್ ಹೆಸರು ಹೇಳಿ ವರ್ಷವಿಡೀ ಹೆದರಿಸ್ತಾನೆ. ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಂಡರೂ ಸಿಗೋ ಸಲಹೆ ಒಂದೇ: "ಬಿಟ್ಟಾಕು ಮಾರಾಯ, ಬೇರೆ ಕಡೆ ನೋಡ್ಕೋ." ಸಲಹೆ ಸರಿಯಾಗೇ ಇದೆ. ಆದರೆ ಬೇರೆ ಕಡೆಯವರು ಹಳೇ ಕಡೆಯ ಹಾಳೆ ಕೇಳ್ತಾರೆ. ಆ ಹಾಳೆ ಹೊರಬರಬೇಕಾದರೆ ಅದೇ ಮ್ಯಾನೇಜರ್ ಒಂದು ಬಟನ್ ಒತ್ತಬೇಕು.

ಈ ಗಂಟನ್ನ ಸಾಫ್ಟ್‌ವೇರ್ ಕಂಪನಿಗಳು ಕಂಡುಹಿಡಿದದ್ದು ಅಂತ ನಾನು ಬಹಳ ದಿನ ನಂಬಿದ್ದೆ. ಕೋಲಾರದ ಚಿನ್ನದ ಗಣಿಗಳ ಬಗ್ಗೆ, ವಿಶೇಷವಾಗಿ ಇತಿಹಾಸಕಾರ್ತಿ ಜಾನಕಿ ನಾಯರ್ ಬರೆದದ್ದನ್ನ ಓದ್ತಾ ಹೋದ ಹಾಗೆ ಗೊತ್ತಾಯ್ತು, ಗಂಟು ಹಳೇದು. ಅದನ್ನ ಹಾಕೋಕೆ ಬಂದಾಗ ಕೈ ಕೊಡದೇ ಕೂತವರೂ ಇದ್ದರು. ಅವರು ಕೂತದ್ದು 1930ರಲ್ಲಿ, ನಮ್ಮ ವೈಟ್‌ಫೀಲ್ಡಿನಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ.

ಬಂಗಾರಪೇಟೆ ಅಂದ ಕೂಡಲೇ ನಮಗೆ ನೆನಪಾಗೋದು ನೀರಿನಷ್ಟು ತಿಳಿಯಾದ ಪಾನಿ ಇರೋ ಪಾನಿಪುರಿ. ಹೆಸರಲ್ಲಿ ಬಂಗಾರ ಇದ್ದರೂ ಊರಿನ ಹಳೇ ಹೆಸರು ಬೌರಿಂಗ್‌ಪೇಟೆ, 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿಂದ ಬಂದದ್ದು. ಅಲ್ಲಿಂದ ಮಾರಿಕುಪ್ಪಂವರೆಗೆ ಹತ್ತು ಮೈಲಿಯ ಒಂದು ಕವಲು ಹಳಿ ಹೋಗುತ್ತೆ. 1890ರ ದಶಕದಲ್ಲಿ ಗಣಿಗಳಿಗೋಸ್ಕರವೇ ಹಾಕಿದ ಹಳಿ. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ: ನಿಲ್ದಾಣಗಳ ಹೆಸರೇ ಒಂದು ಗಣಿ ನಕ್ಷೆ. ಒಂದು ಕಾಲಕ್ಕೆ ಇದರಲ್ಲಿ ಯಂತ್ರ, ಕಲ್ಲಿದ್ದಲು ಮತ್ತು ಕೂಲಿಗಳು ಒಳಗೆ ಹೋಗ್ತಿದ್ದರು. ಈಗ ದಿನಾ ಬೆಳಗಿನ ಜಾವ ಅದೇ ಹಳಿಯ ಮೇಲೆ ಕೆಜಿಎಫ್‌ನ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿನ ಕೆಲಸಕ್ಕೆ ಹೊರಗೆ ಬರ್ತಾರೆ. ಅವರಲ್ಲಿ ಕೆಲವರು ನಿಮ್ಮ ಪಕ್ಕದ ಸೀಟಿನಲ್ಲೇ ಇರಬಹುದು, ಕೇಳಿ ನೋಡಿ.

ಈಗ ಗಣಿಯ ಮ್ಯಾನೇಜ್‌ಮೆಂಟ್ ಹೇಗಿತ್ತು ಅಂತ ನೋಡೋಣ. 1880ರಿಂದ ಇಲ್ಲಿನ ಕಾರುಬಾರು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿತ್ತು. ಕಾಗದದ ಮೇಲೆ ಮೈಸೂರು ಗಣಿ, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಎಲ್ಲ ಬೇರೆ ಬೇರೆ ಕಂಪನಿಗಳು, ಬೇರೆ ಬೇರೆ ಷೇರುದಾರರು. ಆದರೆ ನಡೆಸೋದು ಒಂದೇ ಮನೆತನ. ಗಣಿಯ ಒಳಗೆ ಮೇಲಿನ ಹುದ್ದೆಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿ ಅನುಭವ ಇದ್ದವರು. ಅಲ್ಲಿನ ರೂಢಿಯಂತೆ ಇವರನ್ನ ಕ್ಯಾಪ್ಟನ್ ಅಂತ ಕರೀತಿದ್ದರು. ಕೂಲಿಗಳ ಬಾಯಲ್ಲಿ ಬಿಳಿಯರೆಲ್ಲರೂ ದೊರೆಗಳು. ಮಧ್ಯದಲ್ಲಿ ಇಟಲಿಯವರು, ಆಂಗ್ಲೋ ಇಂಡಿಯನ್ನರು. ಕಾವಲಿಗೆ ಪಂಜಾಬಿಗಳು. ಎಲ್ಲಕ್ಕಿಂತ ಕೆಳಗೆ, ಭೂಮಿಯ ಅಳತೆಯಲ್ಲೂ ಎಲ್ಲಕ್ಕಿಂತ ಕೆಳಗೆ, ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ಕೂಲಿಗಳು. ಬಹುಪಾಲು ತಮಿಳು ಮಾತಾಡುವ ದಲಿತರು. ಊರಲ್ಲಿ ಜಮೀನ್ದಾರನ ಕೈಕೆಳಗಿಂದ ತಪ್ಪಿಸಿಕೊಂಡು ಬಂದವರಿಗೆ ಇಲ್ಲಿ ದೊರೆ ಸಿಕ್ಕಿದ.

ದೊರೆಗೂ ಕೂಲಿಗೂ ನಡುವೆ ಇನ್ನೊಬ್ಬ ಇದ್ದ, ಮೇಸ್ತ್ರಿ. ಕಂಟ್ರಾಕ್ಟರನ ಪರವಾಗಿ ಹಳ್ಳಿಯಿಂದ ಜನ ತರೋನು, ಮುಂಗಡ ಕೊಡೋನು, ಕೂಲಿಯಲ್ಲಿ ಪಾಲು ಹಿಡಿಯೋನು. ಅವನು ನಮ್ಮವನೇ, ನಮ್ಮ ಭಾಷೆಯವನೇ. ಕಿರುಕುಳದ ವಿಷಯದಲ್ಲಿ ಇವನ ಜಾಗ ವಿಚಿತ್ರ. ಮೇಲಿಂದ ಬಂದ ಬೈಗುಳವನ್ನ ಸ್ವಲ್ಪ ಸೇರಿಸಿ ಕೆಳಗೆ ಕೊಡೋನೂ ಅವನೇ, ಕಷ್ಟ ಬಂದಾಗ ಕೈಸಾಲ ಕೊಡೋನೂ ಅವನೇ. ನನಗೆ ಟೀಮ್ ಲೀಡ್‌ಗಳನ್ನ ನೋಡಿದಾಗೆಲ್ಲ ಮೇಸ್ತ್ರಿ ನೆನಪಾಗ್ತಾನೆ. (ಟೀಮ್ ಲೀಡ್ ಆಗಿರೋ ಗೆಳೆಯರು ಕ್ಷಮಿಸಿ. ಸಾಲ ಕೊಡೋ ಭಾಗ ಮಾತ್ರ ನೆನಪಿಟ್ಕೊಳ್ಳಿ.)

ಪಾಳಿ ಮುಗಿಸಿ ಮೇಲೆ ಬಂದವರ ಮೈ ತಡವಿ ನೋಡುವ ಪದ್ಧತಿ ಇತ್ತು. ಚಿನ್ನದ ಚೂರು, ಅದಿರಿನ ತುಂಡು ಏನಾದರೂ ಅಡಗಿಸಿ ತಂದಿದ್ದಾರೋ ಅಂತ. ಅದಿರು ಇಟ್ಟುಕೊಂಡು ಸಿಕ್ಕಿಬೀಳೋದನ್ನೇ ಅಪರಾಧ ಮಾಡುವ ಕಾನೂನನ್ನ ಮೈಸೂರು ಸರ್ಕಾರ ಗಣಿಗಳಿಗಾಗಿಯೇ ಮಾಡಿತ್ತು. ಪ್ರತ್ಯೇಕ ಪೊಲೀಸು, ಪ್ರತ್ಯೇಕ ಕಾವಲು. ಗಣಿ ಮುಚ್ಚಿದ ಮೇಲೂ ಕೆಜಿಎಫ್ ಒಂದು ಪ್ರತ್ಯೇಕ ಪೊಲೀಸ್ ಜಿಲ್ಲೆಯಾಗೇ ಉಳೀತು. ಅಂದರೆ ಇಲ್ಲಿ ಕೆಲಸಗಾರ ಅನ್ನೋ ಪದಕ್ಕೂ ಶಂಕಿತ ಅನ್ನೋ ಪದಕ್ಕೂ ಅಂತರ ಕಡಿಮೆ. ಈ ಮಾತನ್ನ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ದೊರೆ ಹೊಡೆದ, ಬೈದ, ಕೂಲಿ ಕತ್ತರಿಸಿದ ಅಂತಿಟ್ಟುಕೊಳ್ಳಿ. ದೂರು ಯಾರಿಗೆ? ಮಹಾರಾಜರಿಗೆ ಅಂತ ನೀವಂದರೆ, 1881ರಲ್ಲಿ ಮೈಸೂರನ್ನ ಒಡೆಯರಿಗೆ ವಾಪಸ್ ಕೊಡುವಾಗ ಬರೆಸಿಕೊಂಡ ಹಸ್ತಾಂತರ ಪತ್ರ ಓದಬೇಕು. ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ನ್ಯಾಯಾಧಿಕಾರವನ್ನ ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಮಹಾರಾಜರ ನೆಲದಲ್ಲಿ ಮಹಾರಾಜರ ಪ್ರಜೆಯನ್ನ ಹೊಡೆದವನು ಮಹಾರಾಜರ ಸಾಮಾನ್ಯ ಕೋರ್ಟಿಗೆ ಸಿಗೋನಲ್ಲ. ಇನ್ನೊಂದು ವಿಷಯ, ಗಣಿಯಿಂದ ಬರೋ ಚಿನ್ನದ ಮೇಲೆ ಸರ್ಕಾರಕ್ಕೆ ನೂರಕ್ಕೆ 5ರಂತೆ ರಾಯಲ್ಟಿ ಸಿಗ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಕೊಟ್ಟದ್ದು ಮೊದಲು ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಇಷ್ಟು ಹತ್ತಿರದ ಗಿರಾಕಿಯನ್ನ ಯಾರು ಬೈತಾರೆ? ಎಚ್‌ಆರ್‌ನವರಿಗೆ ಸಂಬಳ ಕೊಡೋರು ಯಾರು ಅಂತ ಯೋಚಿಸಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಕೂಲಿಯ ಕೈಯಲ್ಲಿ ಉಳಿದಿದ್ದ ಆಯುಧ ಒಂದೇ, ಕಾಲು. ಸರಿಹೋಗಲಿಲ್ಲವೋ, ಎದ್ದು ಹೋಗೋದು. ಚಾಂಪಿಯನ್ ರೀಫ್‌ನ ದೊರೆ ಕೆಟ್ಟವನಾದರೆ ಮೈಲಿ ಎರಡು ಮೈಲಿ ನಡೆದು ಊರ್ಗಾಂನಲ್ಲಿ ಕೆಲಸ ಕೇಳೋದು. ಅಲ್ಲೂ ಆಗದಿದ್ದರೆ ಊರಿಗೆ ಹೋಗಿ, ಸುಗ್ಗಿ ಮುಗಿಸಿ, ಪೊಂಗಲ್ ಮುಗಿಸಿ ಇನ್ನೊಂದು ಗಣಿಗೆ ಬರೋದು. ಗಣಿಯ ಬಾಗಿಲಲ್ಲಿ ನಿಂತವನು ಹೇಳಿದ್ದೇ ಅವನ ಹೆಸರು. ಮುನಿಸ್ವಾಮಿ ಅನ್ನೋನು ಹೋಗಿ ಕುಪ್ಪುಸ್ವಾಮಿ ಅಂತ ಬಂದರೆ ಪತ್ತೆ ಮಾಡೋದು ಹೇಗೆ? ಕೂಲಿಗಳು ನಿಲ್ಲಲ್ಲ, ಹೇಳದೇ ಹೋಗ್ತಾರೆ ಅನ್ನೋದು ಎಲ್ಲ ಕಾಲದ ಎಲ್ಲ ಯಜಮಾನರ ಗೊಣಗಾಟ. ನಾವು ಅಟ್ರಿಶನ್ ಅಂತೀವಲ್ಲ, ಅದೇ.

ಇಲ್ಲೊಂದು ಸ್ವಂತ ಮಾತು. ನನ್ನ ಎರಡನೇ ಕೆಲಸದಲ್ಲಿ ಇದ್ದ ಮ್ಯಾನೇಜರ್ ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಒಬ್ಬರನ್ನ ಆರಿಸಿಕೊಂಡು ಸಿಪ್ಪೆ ಸುಲೀತಿದ್ದ. ಯಾರ ಸರದಿ ಅಂತ ಭಾನುವಾರ ರಾತ್ರಿ ನಾವು ವಾಟ್ಸಾಪ್‌ನಲ್ಲಿ ಊಹಿಸ್ತಿದ್ವಿ, ಅದು ನಮಗೆ ತಮಾಷೆ ಆಗಿಬಿಟ್ಟಿತ್ತು. ನನ್ನ ಜೊತೆಯ ಒಬ್ಬಳು ಹುಡುಗಿ ರಾಜೀನಾಮೆ ಕೊಟ್ಟಾಗ ಅವಳ ತೊಂಬತ್ತು ದಿನದ ನೋಟೀಸನ್ನ ಒಂದು ದಿನವೂ ಬಿಡದೇ ದುಡಿಸಿ, ಕೊನೆಗೆ ಕಾಗದ ಕೊಡೋಕೆ ಎರಡು ತಿಂಗಳು ಆಟ ಆಡಿಸಿದ. ಹೊಸ ಕಂಪನಿಯವರು ಕಾದು ಕಾದು ಆಫರ್ ವಾಪಸ್ ತಗೊಂಡರು. ಅವಳು ಅತ್ತಿದ್ದನ್ನ ನಾನು ನೋಡಿದ್ದು ಅವತ್ತೊಂದೇ ದಿನ. ಮೂರು ವರ್ಷದ ಸೋಮವಾರಗಳಲ್ಲಿ ಒಮ್ಮೆಯೂ ಅತ್ತಿರಲಿಲ್ಲ. ಬೈಗುಳಕ್ಕಿಂತ ಬಾಗಿಲು ಹಾಕೋದು ದೊಡ್ಡ ಹಿಂಸೆ ಅಂತ ಅವತ್ತು ಗೊತ್ತಾಯ್ತು. 1930ರ ಕಥೆ ನನಗೆ ಹಿಡಿಸಿದ್ದು ಅದಕ್ಕೇ.

ಆ ವರ್ಷ ಗಣಿ ಕಂಪನಿಗಳು ಕೂಲಿಗಳನ್ನ ಹೊಸದಾಗಿ ನೋಂದಾಯಿಸೋಕೆ ಹೊರಟವು. ಬರೀ ಹೆಸರು ಬರೆಸೋದಲ್ಲ, ಬೆರಳಚ್ಚು ಕೊಡಬೇಕು. ಲೆಕ್ಕ ಸುಲಭ. ಹೆಸರು ಬದಲಾಗುತ್ತೆ, ಬೆರಳು ಬದಲಾಗಲ್ಲ. ಎಲ್ಲ ಗಣಿಗಳ ಹಿಂದೆಯೂ ಒಂದೇ ಜಾನ್ ಟೇಲರ್ ಇರುವಾಗ, ಒಂದು ಕಡೆ ಕೆಲಸ ಕಳೆದುಕೊಂಡವನ ಬೆರಳು ಇನ್ನೊಂದು ಕಡೆಯ ಬಾಗಿಲಲ್ಲಿ ಮಾತಾಡುತ್ತೆ. ಎರಡು ಮೈಲಿ ನಡೆದು ಹೋಗೋ ಆಯುಧ ಅವತ್ತಿಗೆ ಮುಗೀತು.

ಬೆರಳಚ್ಚಿನ ಚರಿತ್ರೆಯೇ ನಮ್ಮ ದೇಶದ್ದು. 1858ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಅಧಿಕಾರಿ ರಾಜ್ಯಧರ ಕೋನಾಯ್ ಅನ್ನೋ ಗುತ್ತಿಗೆದಾರನ ಕೈಯಚ್ಚನ್ನ ಒಂದು ಕರಾರಿನ ಮೇಲೆ ಒತ್ತಿಸಿಕೊಂಡ, ನಾಳೆ ಇದು ನನ್ನ ಸಹಿ ಅಲ್ಲ ಅಂತ ಅವನು ಅನ್ನಬಾರದು ಅಂತ. ಶುರುವಾದದ್ದೇ ಕೆಲಸ ಕೊಡೋನು ಕೆಲಸ ಮಾಡೋನನ್ನ ನಂಬದ ಜಾಗದಲ್ಲಿ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಬಂತು. ಅಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನೋ ಇಬ್ಬರು ಲೆಕ್ಕ ಹಾಕಿ ಕಟ್ಟಿದ ವರ್ಗೀಕರಣವನ್ನ ಜಗತ್ತು ಅವರ ಮೇಲಧಿಕಾರಿ ಹೆನ್ರಿಯ ಹೆಸರಲ್ಲಿ ಕರೀತು. ಕ್ರೆಡಿಟ್ ಹೊಡೆಯೋ ಬಾಸ್ ಕೂಡ ಹೊಸಬನಲ್ಲ ನೋಡಿ. ಆಮೇಲೆ ಬೆರಳಚ್ಚು ಅಂದರೆ ಜೈಲು, ಪೊಲೀಸು, 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಪಟ್ಟಿಗೆ ಸೇರಿದ ಸಮುದಾಯಗಳು. ಅಂದಮೇಲೆ ದಿನಾ ಮೈ ತಡವಿಸಿಕೊಂಡು ಮನೆಗೆ ಹೋಗೋ ಗಣಿ ಕೆಲಸಗಾರನಿಗೆ ಆ ಶಾಯಿ ಹಲಗೆ ಏನು ಹೇಳಿರಬೇಕು? ಶಂಕಿತನಾಗಿದ್ದೆ, ಈಗ ಖೈದಿ.

ಇದೇ ಜಗಳ ಇನ್ನೊಂದು ಚಿನ್ನದೂರಲ್ಲಿ ಮೊದಲೇ ನಡೆದಿತ್ತು. ಟ್ರಾನ್ಸ್‌ವಾಲ್ ಸರ್ಕಾರ ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅಂದಾಗ 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರಿನಲ್ಲಿ ಸೇರಿದವರು ಒಪ್ಪಲ್ಲ ಅಂತ ಪ್ರತಿಜ್ಞೆ ಮಾಡಿದರು. ಗಾಂಧೀಜಿಯವರ ಸತ್ಯಾಗ್ರಹ ಹುಟ್ಟಿದ್ದು ಅಲ್ಲಿ. 1908ರಲ್ಲಿ ರಾಜಿಯಾಗಿ ಅವರೇ ಬೆರಳಚ್ಚು ಕೊಡೋಕೆ ಹೊರಟಾಗ, ಮೀರ್ ಆಲಂ ಅನ್ನೋ ಪಠಾಣ, ಅವರದೇ ಕಕ್ಷಿದಾರ, ಬೀದಿಯಲ್ಲಿ ಹಿಡಿದು ಹೊಡೆದ. ಜೊತೆಗಿದ್ದ ತಂಬಿ ನಾಯ್ಡು ಅವರಿಗೂ ಏಟು ಬಿತ್ತು. ಸರ್ಕಾರ ಮಾತು ತಪ್ಪಿದ ಮೇಲೆ ಅದೇ ಆಗಸ್ಟಿನಲ್ಲಿ ಮಸೀದಿಯ ಮುಂದೆ ಪ್ರಮಾಣಪತ್ರಗಳನ್ನ ಹಂಡೆಯಲ್ಲಿ ಹಾಕಿ ಸುಟ್ಟರು. ಬೆರಳ ತುದಿಯ ಶಾಯಿ ಜನರನ್ನ ಇಷ್ಟು ಕೆರಳಿಸಿತ್ತು.

ಕೆಜಿಎಫ್‌ನಲ್ಲಿ ಗಾಂಧಿಯೂ ಇರಲಿಲ್ಲ, ವಕೀಲರೂ ಇರಲಿಲ್ಲ. 1930ರ ಏಪ್ರಿಲ್. ದಂಡಿಯಲ್ಲಿ ಉಪ್ಪು ಹಿಡಿದ ತಿಂಗಳು. ಮೈಸೂರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರು. ಗಣಿ ಕೆಲಸಗಾರರು ಬೆರಳು ಕೊಡಲಿಲ್ಲ, ಕೆಲಸಕ್ಕೂ ಇಳಿಯಲಿಲ್ಲ. ಸಾವಿರಾರು ಜನ, ಒಂದು ಗಣಿಯಲ್ಲ, ಎಲ್ಲ ಗಣಿಗಳು, ಮೂರು ವಾರ. ಸಂಘ ಅನ್ನೋದು ಇರಲಿಲ್ಲ, ಇರೋಕೆ ಮೈಸೂರಲ್ಲಿ ಕಾನೂನೂ ಇರಲಿಲ್ಲ. ಅಧಿಕಾರಿಗಳಿಗೆ ತಲೆಕೆಟ್ಟದ್ದು ಬೇರೆ ಕಾರಣಕ್ಕೆ. ಮಾತಾಡೋಣ ಅಂದರೆ ಎದುರಿಗೆ ಬರೋ ಮುಖಂಡನೇ ಇಲ್ಲ!

ಯಾಕೆ ಇರಲಿಲ್ಲ? ಅನಕ್ಷರಸ್ಥ ಗುಂಪು, ನಾಯಕತ್ವ ಇಲ್ಲ ಅಂತ ಸುಲಭವಾಗಿ ಅನ್ನಬಹುದು. ನನಗೆ ಹಾಗನ್ನಿಸಲ್ಲ. ಜಗಳವೇ ಗುರುತಿನ ಬಗ್ಗೆ. ಯಾರು ಯಾರು ಅಂತ ಕಂಪನಿಗೆ ಗೊತ್ತಾಗಬಾರದು ಅನ್ನೋ ಮುಷ್ಕರದಲ್ಲಿ ಒಬ್ಬ ಎದ್ದುನಿಂತು "ನಾನು ಇಂಥವನು, ಇವರ ಪರವಾಗಿ ಬಂದಿದ್ದೀನಿ" ಅಂದರೆ ಆ ಕ್ಷಣದಲ್ಲೇ ಅವನು ನೋಂದಣಿ ಆದ ಹಾಗೆ. ಸುಮ್ಮನಿರೋದೇ ಇಲ್ಲಿ ಜಾಣತನ ಆಗಿತ್ತು ಅನ್ನೋದು ನನ್ನ ಓದು. ಅನಕ್ಷರಸ್ಥರು ಅನ್ನೋದೂ ಪೂರ್ತಿ ನಿಜವಲ್ಲ. ಅಯೋಧಿದಾಸ ಪಂಡಿತರ ಬೌದ್ಧ ಚಳವಳಿಗೆ ಮಾರಿಕುಪ್ಪಂ, ಚಾಂಪಿಯನ್ ರೀಫ್ ಗಟ್ಟಿ ನೆಲೆಗಳು. ಅವರು 1907ರಲ್ಲಿ ಶುರುಮಾಡಿದ್ದ 'ತಮಿಳನ್' ಪತ್ರಿಕೆಯನ್ನ ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ, ಕೆಜಿಎಫ್‌ನಿಂದಲೇ ಅಪ್ಪಾದುರೈಯಾರ್ ತರ್ತಿದ್ದರು. ಒಬ್ಬ ಓದೋದು, ಹತ್ತು ಜನ ಕೇಳೋದು. ಬಿದಿರು ತಟ್ಟಿಯ ಆ ಲೈನ್ ಮನೆಗಳಲ್ಲಿ ಪಕ್ಕದ ಮನೆಯವರ ಕೆಮ್ಮು ಕೂಡ ಕೇಳಿಸುತ್ತೆ. ಸುದ್ದಿ ಹರಡೋಕೆ ಸಭೆ ಬೇಕಾಗಿರಲಿಲ್ಲ.

ಸಿನಿಮಾ ವಿಷಯ ಎತ್ತದೇ ಇರೋಕಾಗಲ್ಲ. ಕೆಜಿಎಫ್ ಅಂದರೆ ದೇಶಕ್ಕೆಲ್ಲ ಈಗ ನೆನಪಾಗೋದು ರಾಕಿ ಭಾಯ್. ಗುಲಾಮರ ಗಣಿಗೆ ಒಬ್ಬ ಬರ್ತಾನೆ, ಸುತ್ತಿಗೆ ಎತ್ತುತ್ತಾನೆ, ಎಲ್ಲರೂ ಬಿಡುಗಡೆ. ನಾನೂ ಮೊದಲ ದಿನವೇ ಶಿಳ್ಳೆ ಹೊಡೆದು ನೋಡಿದೋನೇ. ಆದರೆ ಅದೇ ಊರಿನ ನಿಜವಾದ ಕಥೆಯಲ್ಲಿ ಹೀರೋನ ಹೆಸರು ಕೇಳಿದರೆ ಉತ್ತರ ಇಲ್ಲ, ಇಲ್ಲದಿರೋದೇ ಕಥೆ. ಅದನ್ನ ಸಿನಿಮಾ ಮಾಡೋದು ಕಷ್ಟ ಬಿಡಿ, ಕಟೌಟ್ ಯಾರದ್ದು ನಿಲ್ಲಿಸೋದು?

ಮುಂದಿನದನ್ನ ಬೇಗ ಹೇಳಿ ಮುಗಿಸ್ತೀನಿ. 1941, 1942ರ ಮೈಸೂರು ಕಾನೂನುಗಳಿಂದ ಸಂಘ ಕಟ್ಟೋದು ಅಧಿಕೃತವಾಯ್ತು. ಈಗ ನಾಯಕರು ಬಂದರು, ಕಮ್ಯುನಿಸ್ಟ್ ಮುಖಂಡ ಕೆ.ಎಸ್. ವಾಸನ್ ಅವರಂಥವರು. ಮುಖ ಕಾಣಿಸಿದ ಮೇಲೆ ಬೆಲೆಯೂ ಬಂತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕೆಲಸಗಾರರು ಸತ್ತರು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು, ಜಾನ್ ಟೇಲರ್ ಹೋಯ್ತು. 2001ರಲ್ಲಿ ಗಣಿಯೇ ಮುಚ್ಚಿತು.

ಆ 1946ರಲ್ಲೇ ದೇಶಕ್ಕೆ ಇನ್ನೊಂದು ವಸ್ತು ಬಂತು, ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ. ಕೆಲಸದ ಷರತ್ತು ಏನು, ಶಿಸ್ತುಕ್ರಮ ಹೇಗೆ, ಮೇಲಿನವನು ಅನ್ಯಾಯ ಮಾಡಿದರೆ ದೂರು ಎಲ್ಲಿ, ಇದನ್ನೆಲ್ಲ ಕಂಪನಿ ಬರೆದಿಟ್ಟು ಒಪ್ಪಿಗೆ ಪಡೀಬೇಕು ಅನ್ನೋ ಕಾಯ್ದೆ. ದೊರೆಯ ಬಾಯಿಮಾತನ್ನ ಕಾಗದಕ್ಕೆ ಇಳಿಸಿದ್ದು ಅಂತ ಇಟ್ಟುಕೊಳ್ಳಿ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಇದರಿಂದ ವಿನಾಯಿತಿ ಕೊಡ್ತಾ ಬಂತು. 2014ರಲ್ಲಿ ಐದು ವರ್ಷ, 2019ರಲ್ಲಿ ಮತ್ತೆ ಐದು ವರ್ಷ. ವಿನಾಯಿತಿಗೆ ಷರತ್ತುಗಳಿದ್ದವು. ಆಡಳಿತದವರೂ ನೌಕರರೂ ಸಮ ಸಂಖ್ಯೆಯಲ್ಲಿರೋ ಒಂದು ಕುಂದುಕೊರತೆ ಸಮಿತಿ ಇರಬೇಕು, ಯಾರನ್ನಾದರೂ ಸಸ್ಪೆಂಡ್ ಮಾಡಿದರೆ ತೆಗೆದುಹಾಕಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಇದನ್ನ ಓದಿದ ಮೇಲೆ ನನ್ನ ಹಳೇ ಆಫೀಸಿನ ಗೆಳೆಯನೊಬ್ಬನಿಗೆ ಕೇಳಿದೆ, ನಮ್ಮಲ್ಲಿ ಅಂಥ ಸಮಿತಿ ಇತ್ತಾ ಅಂತ. ಹುಡುಕಿ ಹೇಳಿದ: ಇತ್ತು. ಆಡಳಿತದ ಕಡೆಯ ಸದಸ್ಯರಲ್ಲಿ ಒಬ್ಬ ನಮ್ಮ ಸೋಮವಾರದ ಮ್ಯಾನೇಜರ್. ನೌಕರರ ಕಡೆಯವರನ್ನ ಆರಿಸಿದ್ದೂ ಅವನೇ. ನಿಮ್ಮಲ್ಲಿ ಯಾರಿದ್ದಾರೆ ಅಂತ ನೋಡಿಕೊಳ್ಳೋದು ಒಳ್ಳೇದು, ರಾಜೀನಾಮೆಗೂ ಮೊದಲು. ಸಿಗೋ ಬೈಗುಳವನ್ನ ದಿನಾಂಕ ಹಾಕಿ ಬರೆದಿಡೋದೂ ಒಳ್ಳೇದು; ನಮಗೆ ಬರೆಯೋಕೆ ಬರುತ್ತೆ, ಲ್ಯಾಪ್‌ಟಾಪ್ ಇದೆ. 2017ರಲ್ಲಿ ಐಟಿ ನೌಕರರದೇ ಒಂದು ಸಂಘ ಬೆಂಗಳೂರಲ್ಲಿ ಹುಟ್ಟಿದೆ, ಅದೂ ನೆನಪಿರಲಿ.

ಕೋಲಾರ ಜಿಲ್ಲೆಯ ಕಥೆ ಅಲ್ಲಿಗೆ ನಿಲ್ಲಲಿಲ್ಲ. ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಿಸ್ತಿದ್ದವರಲ್ಲಿ ದೊಡ್ಡ ಪಾಲು ಹುಡುಗರು, ಹುಡುಗಿಯರು ಕಂಪನಿಯ ನೇರ ನೌಕರರಲ್ಲ. ಬೇರೆ ಬೇರೆ ಏಜೆನ್ಸಿಗಳು ಕರೆತಂದವರು. ಮೇಸ್ತ್ರಿಗೆ ಈಗ ಜಿಎಸ್‌ಟಿ ನಂಬರು ಇದೆ ಅಷ್ಟೇ. ಪಾಳಿ ಉದ್ದವಾಯ್ತು, ಸಂಬಳ ಸರಿಯಾಗಿ ಬರ್ತಿಲ್ಲ ಅಂತ ಅವರು ದೂರಿದ್ದು ಯಾರ ಕಿವಿಗೂ ಬೀಳಲಿಲ್ಲ. 2020ರ ಡಿಸೆಂಬರ್ 12ರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿದವರು ಗಾಜು ಒಡೆದರು, ವಾಹನ ಉರುಳಿಸಿದರು. ಆಗ ಎಲ್ಲರಿಗೂ ಕೇಳಿಸಿತು. ಟಿವಿಗೂ, ದೆಹಲಿಗೂ, ಕ್ಯಾಲಿಫೋರ್ನಿಯಾಗೂ. ಕೆಲವರಿಗೆ ಸಂಬಳ ಸರಿಯಾಗಿ, ಹೊತ್ತಿಗೆ ಸರಿಯಾಗಿ ಕೊಟ್ಟಿಲ್ಲ ಅಂತ ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡ್ತಿದ್ದ ವೈಸ್ ಪ್ರೆಸಿಡೆಂಟನ್ನ ತೆಗೀತು, ಆಪಲ್ ಹೊಸ ಆರ್ಡರ್ ತಡೆಹಿಡೀತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಕೆಲಸಗಾರರು ಜೈಲಿನಲ್ಲಿದ್ದರು. ಗಲಾಟೆಯ ಹಿಂದೆ ಯಾರು, ಮುಖಂಡ ಯಾರು ಅಂತ ಪೊಲೀಸರು ಸಿಸಿಟಿವಿ ನೋಡ್ತಿದ್ದರು. 2023ರಲ್ಲಿ ಆ ಕಾರ್ಖಾನೆಯನ್ನ ಟಾಟಾದವರು ಕೊಂಡರು.